ಸುಗ್ಗಿ ಮುಗಿದ ಮೇಲೂ ಮೈ ಬಗ್ಗಲಿ

“ಹೊಲದಾಗ ದುಡಿಯೋರಿಗೆ ಮತ್ತ ಬ್ಯಾರೆ ವ್ಯಾಯಾಮ ಯಾಕ್ರೀ?”

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವ ಊರಲ್ಲಿ ಆರೋಗ್ಯದ ಮಾತೆತ್ತಿದರೂ ಮೊದಲು ಎದುರಾಗುವ ಪ್ರಶ್ನೆ ಇದು. ಪ್ರಶ್ನೆಯಲ್ಲಿ ನ್ಯಾಯವಿದೆ. ಜೋಳ ಕಿತ್ತು, ತೊಗರಿ ಕೊಯ್ದು, ಕಬ್ಬಿಗೆ ನೀರು ಹಾಯಿಸುವವರಿಗೆ ದುಡಿಮೆಯ ಪಾಠ ಯಾರೂ ಹೇಳಬೇಕಾಗಿಲ್ಲ. ಆದರೆ ನಿಮ್ಮ ಮನೆಯ ಒಂದು ಪೂರ್ತಿ ವರ್ಷವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂಗಾರಿ ಬಿತ್ತನೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಜೋಳದ ರಾಶಿ ಫೆಬ್ರುವರಿ–ಮಾರ್ಚಿನಲ್ಲಿ. ಆ ಕೆಲವು ವಾರ ಮೈಮುರಿಯುವ ಕೆಲಸ. ಉಳಿದ ದಿನಗಳಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಇದೆ, ರಾಶಿಗೆ ಯಂತ್ರವಿದೆ, ಹೊಲಕ್ಕೆ ಹೋಗಿಬರಲು ಬೈಕ್ ಇದೆ. ಬೀಸುವ ಕಲ್ಲಿನ ಕೆಲಸ ಗಿರಣಿ ಮಾಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಇಡೀ ಮನೆ ಪಡಸಾಲೆಯ ಫ್ಯಾನಿನ ಕೆಳಗೆ ಕೂರುತ್ತದೆ.

ಹೊಲ ಬಿಟ್ಟು ಪೇಟೆ ಸೇರಿದ ಮನೆಗಳಲ್ಲಿ ಕೂರುವುದು ಇನ್ನೂ ಹೆಚ್ಚು. ಕಿರಾಣಿ ಅಂಗಡಿಯ ಗಲ್ಲೆ, ಶಾಲೆ, ಕಚೇರಿ, ಟ್ಯೂಷನ್, ಮೊಬೈಲು. ಮುತ್ಯಾ ಕಟ್ಟೆಯ ಮೇಲೆ, ಆಯಿ ಮಂಚದ ಮೇಲೆ. ಒಂದೇ ಮನೆಯಲ್ಲಿ ಮುತ್ಯಾನಿಗೆ ಬಿಪಿ, ಮಗನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ, ಮೊಮ್ಮಗನಿಗೆ ಹೊಟ್ಟೆ ಬಂದಿರುವುದನ್ನು ನೀವೂ ನೋಡಿರುತ್ತೀರಿ.

ಸುಗ್ಗಿಯಲ್ಲಿ ದುಡಿದದ್ದನ್ನು ಧಾನ್ಯದ ಹಾಗೆ ಹಗೇವಿನಲ್ಲಿಟ್ಟು ವರ್ಷವಿಡೀ ಬಳಸಲು ದೇಹಕ್ಕೆ ಬರುವುದಿಲ್ಲ. ಅದಕ್ಕೆ ವಾರವಾರವೂ ಪಾಲು ಸಲ್ಲಬೇಕು. ಆ ಪಾಲನ್ನು ತಪ್ಪದೆ ಸಲ್ಲಿಸಲು ಒಬ್ಬರ ಹಟ ಸಾಲದು, ಮನೆ ಮಂದಿಯೆಲ್ಲ ಕೂಡಬೇಕು.

ಚಲನೆ ಯಾಕೆ ಕೆಲಸ ಮಾಡುತ್ತದೆ?

ಉಂಡ ರೊಟ್ಟಿ, ಅನ್ನ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದನ್ನು ಹೆಚ್ಚು ಬಳಸುವುದು ಸ್ನಾಯುಗಳು, ಅದರಲ್ಲೂ ತೊಡೆ, ಮೀನಖಂಡದಂಥ ದೊಡ್ಡ ಸ್ನಾಯುಗಳು. ಸುಮ್ಮನೆ ಕೂತಾಗ ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಳ್ಳಲು ಸ್ನಾಯುವಿಗೆ ಇನ್ಸುಲಿನ್ ಬೇಕು. ನಡೆಯುವಾಗ, ಎದ್ದು ಕೂರುವಾಗ ಇನ್ಸುಲಿನ್ ಸಹಾಯ ಹೆಚ್ಚಿಲ್ಲದೆಯೂ ಅದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಚೆನ್ನಾಗಿ ದುಡಿದ ಸ್ನಾಯುವಿನಲ್ಲಿ ಈ ಗುಣ ಒಂದೆರಡು ದಿನ ಉಳಿದು ಆಮೇಲೆ ಇಳಿಯುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ ಎನ್ನುವುದು.

ಇದು ಹೊಸ ತಿಳಿವಳಿಕೆಯೇನಲ್ಲ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಕೂತು ಬಸ್ಸು ಓಡಿಸುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ನಮ್ಮ ಊರುಗಳ ಗರಡಿ ಮನೆಯೂ ಇದೇ ತಿಳಿವಿನದು. ಜಾತ್ರೆಯ ಕುಸ್ತಿ ಒಂದು ದಿನದ್ದಾದರೂ ತಾಲೀಮು ವರ್ಷವಿಡೀ ನಡೆಯುತ್ತಿತ್ತು.

ಯಾರಿಗೆ ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಹೀಗಿದೆ:

• 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಟ, ಆಟ. ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಜಿಗಿತ, ಹತ್ತಾಟದಂಥ ಎಲುಬು ಗಟ್ಟಿಮಾಡುವ ಆಟ.
• ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.
• 65 ದಾಟಿದವರಿಗೆ ಇಷ್ಟರ ಜೊತೆಗೆ ವಾರಕ್ಕೆ ಮೂರು ದಿನ, ಬೀಳದಂತೆ ಕಾಯುವ ಸಮತೋಲನದ ಅಭ್ಯಾಸ.

ಬಿರುಸು ನಡಿಗೆ ಅಂದರೆ ಎಷ್ಟು ಬಿರುಸು? ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. 150 ನಿಮಿಷವನ್ನು ಒಂದೇ ಸಲ ಮುಗಿಸಬೇಕಾಗಿಲ್ಲ. ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ, ವಾರಕ್ಕೆ ಐದು ದಿನ ನಡೆದರೆ ಲೆಕ್ಕ ತುಂಬುತ್ತದೆ.

ಶುರು ಮಾಡುವ ಮೊದಲು

ಮನೆಯಲ್ಲಿ 30 ವರ್ಷ ದಾಟಿದ ಎಲ್ಲರೂ ಒಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈ ತಪಾಸಣೆ ಉಚಿತ. ಯಾವ ದಿನ ಹೋಗಬೇಕೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೃದಯದ ಕಾಯಿಲೆ ಇದ್ದವರು, ನಡೆದರೆ ಎದೆ ಬಿಗಿಯುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ಉಳಿದವರು ನಿಧಾನ ನಡಿಗೆಯಿಂದ ಇವತ್ತೇ ತೊಡಗಬಹುದು.

ಮನೆಗೆ ಒಂಬತ್ತು ಹೆಜ್ಜೆ

1. ಕೂರುವ ಹೊತ್ತನ್ನು ಬರೆದಿಡಿ. ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿಯೊಬ್ಬರೂ ಎಷ್ಟು ಹೊತ್ತು ನಡೆದೆವು, ಎಷ್ಟು ಹೊತ್ತು ಕೂತೆವು ಎಂದು ಗುರುತು ಹಾಕಿ. ಮಕ್ಕಳ ಕೈಗೆ ಪೆನ್ನು ಕೊಡಿ, ಅವರು ಯಾರನ್ನೂ ಬಿಡುವುದಿಲ್ಲ. ಯಾರ ಕೊರತೆ ಎಲ್ಲಿದೆ ಎಂಬುದು ವಾರದಲ್ಲೇ ತಿಳಿಯುತ್ತದೆ.

2. ರಾತ್ರಿ ಊಟದ ನಂತರದ ಹದಿನೈದು ನಿಮಿಷ. ಇಡೀ ಮನೆ ಒಟ್ಟಿಗೆ ಸಿಗುವುದು ಆ ಹೊತ್ತಿನಲ್ಲಿ. ರಕ್ತದಲ್ಲಿ ಸಕ್ಕರೆ ಏರುವುದೂ ಊಟವಾದ ಒಂದೂವರೆ ಗಂಟೆಯೊಳಗೇ. ತಾಟು ತೊಳೆದಿಟ್ಟ ಕೂಡಲೇ ಎಲ್ಲರೂ ಓಣಿಗೆ ಇಳಿಯಿರಿ. ನಡಿಗೆ ಆರಾಮವಾಗಿರಲಿ, ಉಂಡ ಮೇಲೆ ಬಿರುಸು ಬೇಡ. ಕೈಯಲ್ಲೊಂದು ಬ್ಯಾಟರಿ ಇರಲಿ, ಮಳೆಗಾಲದಲ್ಲಿ ಹಾವು ಚೇಳಿನ ಭಯವಿರುತ್ತದೆ.

3. ನಸುಕಿನ ನಡಿಗೆಗೆ ಜೊತೆ ಕಟ್ಟಿಕೊಳ್ಳಿ. ವಾರದಲ್ಲಿ ಮೂರು ನಾಲ್ಕು ದಿನ ಅರ್ಧ ಗಂಟೆ. ಒಬ್ಬರೇ ಹೊರಟರೆ ಹಾಸಿಗೆ ಎಳೆಯುತ್ತದೆ, ಇಬ್ಬರಾದರೆ ಒಬ್ಬರು ಬಾಗಿಲಲ್ಲಿ ಕಾಯುತ್ತಾರೆ. ಗಂಡ–ಹೆಂಡತಿ, ಅತ್ತೆ–ಸೊಸೆ, ಅಪ್ಪ–ಮಗಳು ಹೀಗೆ ಜೋಡಿ ಮಾಡಿಕೊಳ್ಳಿ. ಶಾಲೆಯ ಮೈದಾನ, ಕೆರೆಯ ಏರಿ ಇದ್ದರೆ ಡಾಂಬರು ರಸ್ತೆಗಿಂತ ಮೊಣಕಾಲಿಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು.

4. ವಾರಕ್ಕೆ ಎರಡು ದಿನ ಬಲದ ವ್ಯಾಯಾಮ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಅದೊಂದರಿಂದಲೇ ತೋಳು, ಬೆನ್ನು, ತೊಡೆ ಗಟ್ಟಿಯಾಗುವುದಿಲ್ಲ. ನಲವತ್ತರ ಆಸುಪಾಸಿನಿಂದ ಸ್ನಾಯು ಸವೆಯತೊಡಗುತ್ತದೆ. ಗರಡಿಯ ಬಸ್ಕಿ, ದಂಡಗಳೇ ಮನೆಯವರಿಗೂ ಸಾಕು, ತುಸು ಹಗುರ ಮಾಡಿಕೊಂಡರಾಯಿತು.
– ಬಸ್ಕಿ: ಕುರ್ಚಿಯ ತುದಿಗೆ ಕೂತು ಕೈ ಊರದೆ ಏಳಿ, ನಿಧಾನವಾಗಿ ಕೂರಿ. 8ರಿಂದ 10 ಸಲ, ಎರಡು ಸುತ್ತು.
– ದಂಡ: ನೆಲದ ಮೇಲೆ ಆಗದಿದ್ದರೆ ಗೋಡೆಗೆ ಎರಡೂ ಅಂಗೈ ಒತ್ತಿ ಎದೆಯನ್ನು ಗೋಡೆಯ ಹತ್ತಿರ ತನ್ನಿ, ಹಿಂದಕ್ಕೆ ತಳ್ಳಿ. 8ರಿಂದ 10 ಸಲ.
– ಭಾರ: ಒಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಭುಜದಿಂದ ಮೇಲಕ್ಕೆತ್ತಿ, ಇಳಿಸಿ. 10 ಸಲ.
ಉಸಿರು ಬಿಗಿಹಿಡಿಯಬೇಡಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿಪಿ ಇದ್ದವರಿಗೆ ಇದು ಬಹಳ ಮುಖ್ಯ.

5. ಹಿರಿಯರ ಕಾಲಿಗೆ ಭರವಸೆ. ಮುಪ್ಪಿನಲ್ಲಿ ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ, ಒಂದು ಕಾಲ ಮೇಲೆ 10 ಸೆಕೆಂಡು ನಿಲ್ಲುವುದು, ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದಿಟ್ಟು ಹತ್ತು ಹೆಜ್ಜೆ ನಡೆಯುವುದು. ಪಕ್ಕದಲ್ಲಿ ಮೊಮ್ಮಕ್ಕಳು ನಿಲ್ಲಲಿ. ಆಯಿಗೂ ಧೈರ್ಯ, ಅವರಿಗೂ ಆಟ.

6. ಮಕ್ಕಳಿಗೆ ವ್ಯಾಯಾಮ ಅನ್ನಬೇಡಿ, ಆಡಿಸಿ. ಲಗೋರಿ, ಕುಂಟಾಟ, ಚಿಣ್ಣಿದಾಂಡು, ಖೊಖೊ, ಕಬಡ್ಡಿ, ಹಗ್ಗದ ಜಿಗಿತ ಇವೆಲ್ಲ ಎಲುಬಿಗೆ ಬೇಕಾದ ಪೆಟ್ಟನ್ನೂ ಹೃದಯಕ್ಕೆ ಬೇಕಾದ ಓಟವನ್ನೂ ಕೊಡುತ್ತವೆ. ಹತ್ತಿರದ ಶಾಲೆಗೆ ನಡೆದೇ ಹೋಗಲಿ, ದೂರವಿದ್ದರೆ ಸೈಕಲ್ ಇದೆ. ರಾಜ್ಯಕ್ಕೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ನಮ್ಮದು ಎಂಬುದನ್ನು ಮಕ್ಕಳಿಗೆ ಹೇಳಿ. ಎರಡರಿಂದ ನಾಲ್ಕು ವರ್ಷದ ಕೂಸುಗಳಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಯ ಮೇಲೆ ಬೇಡ, ಅದಕ್ಕೂ ಚಿಕ್ಕವಕ್ಕೆ ಬೇಡವೇ ಬೇಡ. ಮೊಬೈಲ್ ಕಸಿದುಕೊಂಡರೆ ಜಗಳ ಉಳಿಯುತ್ತದೆ. ಸಂಜೆ ಅಪ್ಪನೇ ಬೀದಿಗಿಳಿದು ಲಗೋರಿಯ ಕಲ್ಲು ಜೋಡಿಸಿದರೆ ಮೊಬೈಲು ತಾನಾಗಿ ಕೆಳಗಿಳಿಯುತ್ತದೆ.

7. ಅವ್ವನ ಹೊತ್ತನ್ನು ಬಿಡಿಸಿಕೊಡಿ. “ನಂದು ದಿನಾ ಮನಿ ಕೆಲಸದಾಗ ಆಗತೈತಿ” ಎಂದು ಹೆಂಗಸರು ಹೇಳುವುದು ಅರ್ಧ ನಿಜ. ಕಸ ಗುಡಿಸುವುದು, ನೀರು ಹೊರುವುದು ಚಲನೆಯೇ. ಆದರೆ ಒಲೆಯ ಮುಂದೆ ತಾಸುಗಟ್ಟಲೆ ಕೂತು ರೊಟ್ಟಿ ಬಡಿಯುವಾಗ ದುಡಿಯುವುದು ಕೈ, ಮರಗಟ್ಟುವುದು ಸೊಂಟ, ಮೊಣಕಾಲು. ಹತ್ತು ರೊಟ್ಟಿಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಿ, ನಾಲ್ಕು ಹೆಜ್ಜೆ ಹಾಕಿ. ಮನೆಯ ಗಂಡಸರು ಬೆಳಗಿನ ಒಂದು ಕೆಲಸ, ನೀರು ತುಂಬುವುದೋ ಮಕ್ಕಳನ್ನು ತಯಾರು ಮಾಡುವುದೋ, ತಮ್ಮದಾಗಿಸಿಕೊಂಡರೆ ಅವ್ವನಿಗೆ ಅರ್ಧ ಗಂಟೆ ಸಿಗುತ್ತದೆ. ರಸ್ತೆಗೆ ಹೋಗಲು ಸಂಕೋಚವಾದರೆ ಮಾಳಿಗೆಯ ಮೇಲೆ ಅಥವಾ ಹಿತ್ತಲಲ್ಲಿ ನಡೆಯಬಹುದು. ಓಣಿಯ ನಾಲ್ಕು ಮಂದಿ ಹೆಂಗಸರು ಕೂಡಿ ಹೊರಟರೆ “ಜನ ಏನಂತಾರ” ಎಂಬ ಅಂಜಿಕೆ ವಾರದಲ್ಲಿ ಕರಗುತ್ತದೆ.

8. ಹಬ್ಬ–ಜಾತ್ರೆಗಳನ್ನು ಹಿಡಿದುಕೊಳ್ಳಿ. ನಾಗರ ಪಂಚಮಿಯ ಜೋಕಾಲಿ ಜೀಕುವಾಗ ತೋಳು, ಹೊಟ್ಟೆ, ತೊಡೆ ಮೂರೂ ದುಡಿಯುತ್ತವೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೋದಾಗ ಗಾಡಿಯನ್ನು ದೂರ ನಿಲ್ಲಿಸಿ, ಹೊಲದ ಬದುವಿನ ಮೇಲೆ ಪೂರ್ತಿ ಒಂದು ಸುತ್ತು ಬನ್ನಿ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಮೂಲ ನಂದೀಶ್ವರನ ದರ್ಶನಕ್ಕೆ ಹೊರಟಾಗ ಕೊನೆಯ ಒಂದೆರಡು ಕಿಲೋಮೀಟರು ನಡೆಯಿರಿ. ರಜೆಯ ದಿನ ಆಲಮಟ್ಟಿ ಉದ್ಯಾನ ಸುತ್ತಲು ಹೋದರೆ ಬುತ್ತಿ ಕಟ್ಟಿಕೊಂಡು ಇಡೀ ದಿನ ಕಾಲಿನ ಮೇಲಿರಿ. ವಿಜಯಪುರದಲ್ಲಿ ನಡೆಯುವ ವೃಕ್ಷಥಾನ್ ಓಟಕ್ಕೆ ಮನೆಯಿಂದ ಇಬ್ಬರ ಹೆಸರು ಬರೆಸಿದರೂ ಮೂರು ತಿಂಗಳ ಅಭ್ಯಾಸಕ್ಕೆ ಗುರಿ ಸಿಕ್ಕಂತೆ.

9. ತಾಟು ನಮ್ಮದೇ ಇರಲಿ. ಜೋಳದ ಅಥವಾ ಸಜ್ಜೆಯ ರೊಟ್ಟಿ, ಮಡಕಿ–ಹೆಸರು ಕಾಳಿನ ಪಲ್ಯ, ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪು, ಹಸಿ ಉಳ್ಳಾಗಡ್ಡಿ–ಸೌತೆ, ಮಜ್ಜಿಗೆ. ಇದಕ್ಕಿಂತ ಒಳ್ಳೆಯ ಊಟ ಹುಡುಕಬೇಕಾಗಿಲ್ಲ. ಕಾಳು–ಸೊಪ್ಪಿನ ಪಾಲು ಹೆಚ್ಚಲಿ, ಅನ್ನದ ಪಾಲು ತಗ್ಗಲಿ. ಕೈ ಹಿಡಿಯಬೇಕಾದದ್ದು ಚಾದ ಸಕ್ಕರೆಯಲ್ಲಿ. ಕಪ್ಪಿಗೆ ಎರಡು ಚಮಚೆಯಂತೆ ಐದು ಕಪ್ ಚಾ ಕುಡಿದರೆ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಹಿಂಡಿಗಳ ಉಪ್ಪೂ ಈ ಲೆಕ್ಕದೊಳಗೇ ಬರುತ್ತದೆ. ಇಂಡಿಯ ಲಿಂಬೆಹಣ್ಣು ಮನೆಯಲ್ಲಿದ್ದೇ ಇರುತ್ತದೆ, ಸಕ್ಕರೆ ಹಾಕದೆ ಮಜ್ಜಿಗೆಗೋ ನೀರಿಗೋ ಹಿಂಡಿಕೊಳ್ಳಿ.

ಕಾಲಕ್ಕೆ ತಕ್ಕ ವೇಳಾಪಟ್ಟಿ

ಬೇಸಿಗೆ (ಮಾರ್ಚ್–ಮೇ): ಬೆಳಿಗ್ಗೆ 7ರೊಳಗೆ ನಡಿಗೆ ಮುಗಿಯಲಿ, ಸಂಜೆಯಾದರೆ ಬಿಸಿಲು ಇಳಿದ ಮೇಲೆ. ಮಧ್ಯಾಹ್ನ ಮನೆಯೊಳಗೇ ಬಸ್ಕಿ, ದಂಡ, ಯೋಗಾಸನ. ವರ್ಷದಲ್ಲಿ ಮನೆ ಅತಿ ಹೆಚ್ಚು ಕೂರುವ ಕಾಲ ಇದೇ, ಹಾಗಾಗಿ ಹೆಚ್ಚು ಜತನ ಬೇಕಿರುವುದೂ ಆಗಲೇ.

ಮಳೆಗಾಲ (ಜೂನ್–ಸೆಪ್ಟೆಂಬರ್): ಎರೆಮಣ್ಣು ಹಸಿಯಾದರೆ ಹೆಜ್ಜೆ ಜಾರುತ್ತದೆ, ಕಾಲು ಹೂತುಹೋಗುತ್ತದೆ. ಗಟ್ಟಿ ರಸ್ತೆ, ಶಾಲೆಯ ವರಾಂಡ, ಮಾಳಿಗೆ ಬಳಸಿ. ಹಿರಿಯರು ಮಳೆಯ ದಿನ ಪಡಸಾಲೆಯಲ್ಲೇ ನಡೆಯಲಿ.

ಹಿಂಗಾರಿ–ಸುಗ್ಗಿ (ಅಕ್ಟೋಬರ್–ಫೆಬ್ರುವರಿ): ಹೊಲದಲ್ಲಿ ಪೂರ್ತಿ ದಿನ ದುಡಿದವರಿಗೆ ಬೇರೆ ನಡಿಗೆ ಬೇಡ. ಬಗ್ಗಿ ಬಗ್ಗಿ ಬಿಗಿದ ಬೆನ್ನಿಗೆ ಮಲಗುವ ಮುನ್ನ ಐದು ನಿಮಿಷ ಚಾಚುವ ಅಭ್ಯಾಸ ಸಾಕು. ಮನೆಯಲ್ಲಿ ಉಳಿದವರು ತಮ್ಮ ನಡಿಗೆ ಬಿಡಬಾರದು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ಓಡಾಡುವ ಕಾಲವಿದು. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಹಾಕಿ, ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ.

ಪಾದಯಾತ್ರೆಗೆ ಹೊರಡುವವರಿಗೆ

ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ, ಆಷಾಢದಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ನಡೆಯುವವರು ಈ ಭಾಗದ ಬಹಳಷ್ಟು ಮನೆಗಳಲ್ಲಿದ್ದಾರೆ. ವರ್ಷವಿಡೀ ಕೂತು ಒಮ್ಮೆಲೇ ದಿನಕ್ಕೆ 30–40 ಕಿಲೋಮೀಟರು ನಡೆದರೆ ಪಾದ, ಮೊಣಕಾಲು, ಹೃದಯ ಮೂರಕ್ಕೂ ಪೆಟ್ಟು. ಎಂಟು ವಾರ ಮೊದಲೇ ಅಭ್ಯಾಸ ಶುರು ಮಾಡಿ, ವಾರವಾರವೂ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ. ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ, ಕಾಲಿಗೆ ಒಗ್ಗಿದ್ದೇ ಬೇಕು. ಬೊಬ್ಬೆ ಎದ್ದರೆ ಒಡೆಯದೆ ಸ್ವಚ್ಛ ಬಟ್ಟೆ ಕಟ್ಟಿ. ಮಾತ್ರೆಗಳನ್ನು ದಾರಿಯಲ್ಲಿ ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಬಾರದು. ಜೋಮು ಹಿಡಿದ ಪಾದಕ್ಕೆ ಗಾಯದ ಅರಿವಾಗುವುದಿಲ್ಲ, ಸಣ್ಣ ಗಾಯವೇ ಮುಂದೆ ಬೆರಳು ತೆಗೆಯಿಸುವಷ್ಟು ಬೆಳೆಯಬಹುದು. ಪಾದ ಉಳಿದರೆ ಮುಂದಿನ ವರ್ಷವೂ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆಯಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಮೊದಲ ದಿನವೇ ಐದು ಕಿಲೋಮೀಟರು. ಮೂರನೇ ದಿನ ಕಾಲು ನೋವು, ನಾಲ್ಕನೇ ದಿನ ಹಾಸಿಗೆ. ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷ ಏರಿಸಿ.
• ಬೆವರಿದಷ್ಟೂ ಕೊಬ್ಬು ಕರಗಿತು ಎಂಬ ನಂಬಿಕೆ. ಬೆವರಲ್ಲಿ ಹೋಗುವುದು ನೀರು, ಉಪ್ಪು. ದಪ್ಪ ಸ್ವೆಟರ್ ಹಾಕಿ ಓಡಿದರೆ ಬಿಸಿಲು ಬಡಿಯುತ್ತದೆ ಅಷ್ಟೆ.
• ನಡೆದು ಬಂದು ಮಿರ್ಚಿ ಭಜಿ, ಚಾ. ಅರ್ಧ ಗಂಟೆಯ ಬಿರುಸು ನಡಿಗೆಗೆ ಖರ್ಚಾಗುವುದು ಸುಮಾರು 120–150 ಕ್ಯಾಲೊರಿ. ಎಣ್ಣೆಯಲ್ಲಿ ಕರಿದ ಒಂದು ಪ್ಲೇಟ್ ತಿಂದರೆ ಅದು ಪೂರ್ತಿ ಮರಳಿ ಬರುತ್ತದೆ.
• ಮೊಣಕಾಲು ನೋವೆಂದು ಪೂರ್ತಿ ಕೂರುವುದು. ತೊಡೆಯ ಸ್ನಾಯು ಸವೆದಷ್ಟೂ ಮೊಣಕಾಲಿನ ಮೇಲೆ ಭಾರ ಹೆಚ್ಚುತ್ತದೆ. ನೋವು ಏರದಷ್ಟು ನಡಿಗೆ, ಕುರ್ಚಿಯ ಬಸ್ಕಿ ಮುಂದುವರಿಸಿ.
• ಸಕ್ಕರೆ ಇಳಿಯಿತೆಂದು ಮಾತ್ರೆ ಬಿಡುವುದು. ಮಾತ್ರೆ ಕಡಿಮೆ ಮಾಡುವುದು ವೈದ್ಯರ ಕೆಲಸ.
• ತೂಕವನ್ನಷ್ಟೇ ನೋಡುವುದು. ತೂಕ ಇಳಿಯದಿದ್ದರೂ ಬಿಪಿ, ಸಕ್ಕರೆ, ನಿದ್ದೆ ಸುಧಾರಿಸುತ್ತವೆ. ಹೊಟ್ಟೆಯ ಸುತ್ತಳತೆಯನ್ನು ತಿಂಗಳಿಗೊಮ್ಮೆ ದಾರದಿಂದ ಅಳೆಯಿರಿ.
• ದಪ್ಪಗಿರುವ ಮಗುವನ್ನು ಎಲ್ಲರೆದುರು ಹಂಗಿಸುವುದು. ಮಗು ಆಟವನ್ನೇ ಬಿಟ್ಟು ಮೂಲೆ ಸೇರುತ್ತದೆ. ಅದರ ಜೊತೆ ನೀವೂ ಆಡಿ.

ಎಚ್ಚರ, ಇಲ್ಲಿ ನಿಲ್ಲಿಸಿ

• ಎದೆಯ ಮೇಲೆ ಭಾರವಿಟ್ಟಂತಾಗುವುದು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಕೂತರೂ ನಿಲ್ಲದ ಏದುಸಿರು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.
• ಬಿಸಿಲಲ್ಲಿ ತಲೆ ಸುತ್ತಿ, ಮಾತು ತಡವರಿಸಿ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.
• ಬರೀ ಸುಸ್ತು, ಬಾಯಾರಿಕೆ ಇದ್ದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು.
• ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲ ಅಥವಾ ಸಕ್ಕರೆ ಇರಲಿ. ನಡುಕ, ಬೆವರು, ಕಣ್ಣು ಮಂಜಾದರೆ ಕೂಡಲೇ ತಿನ್ನಲಿ.
• ಚಿಕ್ಕ ವಯಸ್ಸಿನಲ್ಲೇ ಬೆನ್ನು, ಕೀಲು ಬಿಗಿದುಕೊಂಡು ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷಿಸಿ. ಕೊಳವೆ ಬಾವಿ ನೀರಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಈ ಜಿಲ್ಲೆಯಲ್ಲಿವೆ. ಆ ನೋವು ವ್ಯಾಯಾಮದಿಂದ ಹೋಗುವುದಲ್ಲ.

ಮೊದಲ ತಿಂಗಳು

ಎಲ್ಲವನ್ನೂ ಒಂದೇ ಸಲ ಹಿಡಿಯಬೇಡಿ. ಮೊದಲ ವಾರ ರಾತ್ರಿ ಊಟದ ನಂತರದ ಹದಿನೈದು ನಿಮಿಷ ಮಾತ್ರ. ಎರಡನೇ ವಾರ ಅದಕ್ಕೆ ಎರಡು ದಿನದ ಬಸ್ಕಿ–ದಂಡ ಸೇರಿಸಿ. ಮೂರನೇ ವಾರ ನಸುಕಿನ ಜೋಡಿ ನಡಿಗೆ, ಸಂಜೆ ಮಕ್ಕಳೊಂದಿಗೆ ಆಟ. ನಾಲ್ಕನೇ ವಾರ ಚಾದ ಸಕ್ಕರೆ ಅರ್ಧಕ್ಕಿಳಿಸಿ, ಹಿರಿಯರ ಬಿಪಿ–ಸಕ್ಕರೆ ಮತ್ತೊಮ್ಮೆ ನೋಡಿಸಿ. ನಡುವೆ ಮದುವೆ, ಜಾತ್ರೆ, ಜ್ವರ ಬಂದು ನಾಲ್ಕು ದಿನ ತಪ್ಪಿದರೆ ಬೇಸರ ಬೇಡ, ಐದನೇ ದಿನ ಬಿಟ್ಟಲ್ಲಿಂದ ಹಿಡಿಯಿರಿ. ಮುಂದಿನ ಬಿತ್ತಿಗೆಯ ಹೊತ್ತಿಗೆ ಹೊಲಕ್ಕಿಳಿಯುವವರ ಸೊಂಟ ಹಿಡಿಯಬಾರದು, ಆಯಿ ಕೋಲು ಊರದೆ ಬಾಗಿಲ ತನಕ ಬರಬೇಕು. ಈ ಎರಡು ಗುರಿ ಇಟ್ಟುಕೊಂಡು ಇವತ್ತಿನ ಊಟ ಮುಗಿದ ಕೂಡಲೇ ಹೊರಡಿ.